ಲೀಟರಿಗೆ ಎಷ್ಟು? ತೆಂಗಿನ ಸೀಮೆಯ ಎಸ್‌ಯುವಿ ಲೆಕ್ಕ

ಮನೆಮಂದಿಯೆಲ್ಲ ಕೂರುವಂಥ ಎತ್ತರದ ಕಾರೊಂದನ್ನು ಕೊಳ್ಳಲು ಹೊರಟ ಕುಟುಂಬ ಮೊದಲು ವಿಚಾರಿಸುವುದು ಬೆಲೆಯನ್ನಾದರೂ, ಕೊಂಡ ಮೇಲೆ ವರ್ಷಗಟ್ಟಲೆ ಅದರ ಬೆನ್ನು ಹತ್ತುವ ಪ್ರಶ್ನೆ ‘ಲೀಟರಿಗೆ ಎಷ್ಟು ಕೊಡುತ್ತೆ’ ಎಂಬುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಹೇಳುವುದು ಇನ್ನೂ ಕಷ್ಟ. ಏಕೆಂದರೆ ಬಿಳಿಗೆರೆಯಂಥ ಊರಿನಲ್ಲಿ ಒಂದೇ ವಾಹನ ಹಿಂಡಿ ಬೂಸಾ ಚೀಲ ಹೊತ್ತು ತೋಟದ ದಾರಿ ಹಿಡಿಯುತ್ತದೆ, ಕೊಬ್ಬರಿ ಧಾರಣೆ ನೋಡಿಕೊಂಡು ಬರಲು ತಿಪಟೂರಿನ ಎ.ಪಿ.ಎಂ.ಸಿ.ಗೆ ಹೋಗುತ್ತದೆ, ಓದುವ ಮಕ್ಕಳನ್ನು ಬೆಂಗಳೂರಿಗೆ ಬಿಟ್ಟುಬರುತ್ತದೆ, ಹರಕೆ ಇದ್ದರೆ ಘಾಟಿ ಇಳಿದು ಧರ್ಮಸ್ಥಳವನ್ನೂ ಮುಟ್ಟುತ್ತದೆ. ಈ ನಾಲ್ಕು ಕೆಲಸಗಳಲ್ಲಿ ಅದೇ ಕಾರು, ಅದೇ ಚಾಲಕನ ಕೈಯಲ್ಲಿ, ನಾಲ್ಕು ಬೇರೆ ಬೇರೆ ಮೈಲೇಜ್ ಕೊಡುತ್ತದೆ. ಷೋರೂಮಿನ ಕರಪತ್ರದಲ್ಲಿ ಅಚ್ಚಾಗಿರುವುದು ಇವು ಯಾವುವೂ ಅಲ್ಲದ ಐದನೆಯದು.

ಆ ಐದನೆಯ ಅಂಕಿ ಸುಳ್ಳಲ್ಲ, ಆದರೆ ಅದು ಹುಟ್ಟುವ ಜಾಗ ರಸ್ತೆಯಲ್ಲ. ಭಾರತದಲ್ಲಿ ಮಾರಾಟವಾಗುವ ಕಾರುಗಳನ್ನು ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಎಂಬ ವಾಹನ ಸಂಶೋಧನಾ ಸಂಸ್ಥೆ ಅಥವಾ ಅಂಥದೇ ಮಾನ್ಯತೆ ಪಡೆದ ಕೇಂದ್ರಗಳು ಪರೀಕ್ಷಿಸುತ್ತವೆ. ಕಾರಿನ ಚಕ್ರಗಳನ್ನು ಚಾಸಿ ಡೈನಮೋಮೀಟರ್ ಎಂಬ ಉರುಳೆ ಯಂತ್ರದ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಪರದೆಯ ಮೇಲೆ ಮೂಡುವ ವೇಗದ ಗೆರೆಯನ್ನು ಚಾಲಕ ಅನುಸರಿಸುವಂತೆ ಮಾಡಲಾಗುತ್ತದೆ. ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ ಎಂದು ಕರೆಯುವ ಈ ಗೆರೆ ಸುಮಾರು 20 ನಿಮಿಷಗಳದ್ದು. ಅದರಲ್ಲಿ ಕಾರು ‘ಕ್ರಮಿಸುವ’ ದೂರ 11 ಕಿಲೋಮೀಟರಿಗೆ ತುಸು ಕಡಿಮೆ, ಮುಟ್ಟುವ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ನಡುನಡುವೆ ನಿಲ್ಲುವುದೂ ಸೇರಿ ಸರಾಸರಿ ವೇಗ 33ರ ಆಸುಪಾಸು. ಹೊಗೆಕೊಳವೆಯಿಂದ ಹೊರಬಂದ ಅನಿಲವನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲದ ಲೆಕ್ಕದಿಂದ ಎಷ್ಟು ಇಂಧನ ಉರಿಯಿತೆಂದು ಕಂಡುಹಿಡಿಯುತ್ತಾರೆ. ಏಸಿ ಬಂದ್ ಆಗಿರುತ್ತದೆ, ಕೋಣೆಯ ಉಷ್ಣತೆ ಹದವಾಗಿರುತ್ತದೆ, ಏರು ಇಲ್ಲ, ಇಳುಕಲಿಲ್ಲ, ಎದುರುಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಅಜ್ಜಿಯೂ ಇಲ್ಲ, ಡಿಕ್ಕಿಯಲ್ಲಿ ಸುಲಿದ ಕಾಯಿಯ ಮೂಟೆಯೂ ಇಲ್ಲ.

ಎಲ್ಲ ಕಾರುಗಳೂ ಒಂದೇ ಗೆರೆಯ ಮೇಲೆ ಓಡುವುದರಿಂದ ಎರಡು ಕಾರುಗಳನ್ನು ಹೋಲಿಸಲು ಈ ಅಂಕಿ ಉಪಯುಕ್ತ. ಆದರೆ ಒಂದು ಮನೆಯ ತಿಂಗಳ ಇಂಧನದ ಖರ್ಚನ್ನು ಅದರಿಂದ ಊಹಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಈ ಅಂತರ ಭಾರತಕ್ಕೆ ಮಾತ್ರ ಸೇರಿದ್ದೂ ಅಲ್ಲ. ಯುರೋಪ್ 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೆಚ್ಚು ಕಠಿಣವಾದ, 30 ನಿಮಿಷಗಳ, 131 ಕಿಲೋಮೀಟರ್ ವೇಗವನ್ನೂ ಮುಟ್ಟುವ ಪರೀಕ್ಷೆಗೆ ಬದಲಾಯಿಸಿಕೊಂಡಿತು. ಹಾಗಿದ್ದರೂ, 2021ರಲ್ಲಿ ನೋಂದಣಿಯಾದ ಕಾರುಗಳೊಳಗೇ ಅಳವಡಿಸಿದ್ದ ಇಂಧನ ಮಾಪಕಗಳ ಮಾಹಿತಿಯನ್ನು ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದಾಗ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ರಸ್ತೆಯಲ್ಲಿ ಪ್ರಮಾಣಪತ್ರದ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಇಂಧನ ಕುಡಿಯುತ್ತಿದ್ದದ್ದು ಕಂಡುಬಂತು. ಅಲ್ಲಿನದಕ್ಕಿಂತ ಮೃದುವಾದ ಪರೀಕ್ಷೆ ಇರುವ ಭಾರತದಲ್ಲಿ ಅಂತರ ಇನ್ನೂ ಹೆಚ್ಚಿದ್ದರೆ ಅಚ್ಚರಿಪಡಬೇಕಾದ್ದಿಲ್ಲ.

ಎಸ್‌ಯುವಿ, ಅಂದರೆ ಸ್ಪೋರ್ಟ್ ಯುಟಿಲಿಟಿ ವೆಹಿಕಲ್, ಎಂದರೇನು ಎಂಬುದಕ್ಕೆ ಮಾರಾಟಗಾರರಲ್ಲಿ ಒಂದು ಅರ್ಥವೂ ತೆರಿಗೆ ಇಲಾಖೆಯಲ್ಲಿ ಇನ್ನೊಂದು ಅರ್ಥವೂ ಇದೆ. ಜಿ.ಎಸ್.ಟಿ.ಯ ಲೆಕ್ಕದಲ್ಲಿ ಉದ್ದ ನಾಲ್ಕು ಮೀಟರ್ ಮೀರಿ, ಎಂಜಿನ್ 1,500 ಸಿಸಿ ಮೀರಿ, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಳಕ್ಕಿರುವ ಎತ್ತರ, 170 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಎಸ್‌ಯುವಿ. ಜನರ ಬಾಯಲ್ಲಾದರೋ ಎತ್ತರವಾಗಿ ನಿಂತ, ಮೂತಿ ದಪ್ಪಗಿರುವ ಎಲ್ಲ ಕಾರುಗಳೂ ಎಸ್‌ಯುವಿಗಳೇ. ಮೈಲೇಜಿನ ದೃಷ್ಟಿಯಿಂದ ಮುಖ್ಯವಾಗುವುದು ಹೆಸರಲ್ಲ, ಈ ಆಕಾರ ಹೊತ್ತು ತರುವ ಎರಡು ಹೊರೆಗಳು: ತೂಕ ಮತ್ತು ಗಾಳಿಗೆ ಒಡ್ಡಿದ ಅಗಲವಾದ ಎದೆ. ತೂಕ ಹೆಚ್ಚಿದಷ್ಟೂ ಟೈರು ಉರುಳಲು ಬೇಕಾದ ಬಲ ಹೆಚ್ಚುತ್ತದೆ, ಇದನ್ನು ಉರುಳು ಪ್ರತಿರೋಧ ಎನ್ನಬಹುದು. ಇದು ವೇಗದೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು.

ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ತಿಪಟೂರಿನ ಗಾಳಿಯಲ್ಲಿ, ಜನ ಸಾಮಾನು ಸೇರಿ ಎರಡು ಟನ್ ತೂಗುವ ಎಸ್‌ಯುವಿಯೊಂದು ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದನ್ನು ತಡೆಯುವ ಒಟ್ಟು ಬಲ ಸುಮಾರು 465 ನ್ಯೂಟನ್. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಾಳಿಯದು. ವೇಗ 100ಕ್ಕೆ ಏರಿದರೆ ಒಟ್ಟು ತಡೆ 600 ನ್ಯೂಟನ್ ಮುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿನ ಶಕ್ತಿಯಲ್ಲಿ ಶೇ 30ರಷ್ಟು ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೆ (ಮಿಕ್ಕಿದ್ದು ಬಿಸಿಯಾಗಿ ಹೊಗೆಯಲ್ಲೂ ರೇಡಿಯೇಟರಿನಲ್ಲೂ ಹೋಗುತ್ತದೆ), 80ರ ವೇಗದಲ್ಲಿ ಲೀಟರಿಗೆ 19 ಕಿಲೋಮೀಟರ್ ಕೊಟ್ಟ ಕಾರು 100ರಲ್ಲಿ 15ಕ್ಕೆ ಇಳಿಯುತ್ತದೆ. ತುಮಕೂರು ದಾಟಿ ನೆಲಮಂಗಲದ ಹೆದ್ದಾರಿಗೆ ಬಂದೊಡನೆ ಕಾಲು ತಾನಾಗಿ ಭಾರವಾಗುವವರಿಗೆ, ಆ ಐವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಉಳಿಯುವ ಸಮಯ ಏಳೆಂಟು ನಿಮಿಷ ಮಾತ್ರ ಎಂಬುದನ್ನೂ ಈ ಲೆಕ್ಕದ ಪಕ್ಕದಲ್ಲಿ ಬರೆದುಕೊಳ್ಳಬೇಕು. ಆ ಏಳೆಂಟು ನಿಮಿಷವನ್ನು ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ ಸಲೀಸಾಗಿ ನುಂಗಿಹಾಕುತ್ತದೆ; ಅಲ್ಲಿ ನಿಂತಲ್ಲೇ ಉರಿಯುವ ಎಂಜಿನ್ ಏಸಿ ಸೇರಿ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ, ಮೈಲೇಜ್ ಸೊನ್ನೆ.

ಆದರೆ ತೆಂಗಿನ ಸೀಮೆಯ ಓಡಾಟದಲ್ಲಿ ಹೆದ್ದಾರಿಯ ವೇಗಕ್ಕಿಂತ ಹೆಚ್ಚು ಇಂಧನ ಕದಿಯುವುದು ಊರೂರಿನ ಹಂಪ್‌ಗಳು, ಅಂದರೆ ರಸ್ತೆಯುಬ್ಬುಗಳು. ಕಿಬ್ಬನಹಳ್ಳಿ (ಕೆ.ಬಿ.) ಕ್ರಾಸಿನಿಂದ ತುರುವೇಕೆರೆ ಕಡೆಗಾಗಲಿ ಚಿಕ್ಕನಾಯಕನಹಳ್ಳಿ ಕಡೆಗಾಗಲಿ ಹೊರಟ ವಾಹನ ಒಂದು ಊರು ದಾಟಿ ವೇಗ ಹಿಡಿಯುವಷ್ಟರಲ್ಲಿ ಮುಂದಿನ ಊರಿನ ಶಾಲೆಯೋ ದೇವಸ್ಥಾನವೋ ಬಸ್‌ಸ್ಟ್ಯಾಂಡೋ ಎದುರಾಗುತ್ತದೆ. ಅಲ್ಲೊಂದು ಹಂಪ್ ಇದ್ದೇ ಇರುತ್ತದೆ, ಕೆಲವೊಮ್ಮೆ ಬಿಳಿ ಬಣ್ಣದ ಗುರುತೂ ಇಲ್ಲದೆ. ಎರಡು ಟನ್ ತೂಕದ ಕಾರು ಗಂಟೆಗೆ 60ರ ವೇಗದಿಂದ 15ಕ್ಕೆ ಬ್ರೇಕ್ ಹಾಕಿ ಇಳಿದರೆ, ಅಷ್ಟು ವೇಗ ಗಳಿಸಲು ಎಂಜಿನ್ ಸುರಿದಿದ್ದ ಶಕ್ತಿಯೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ 60ಕ್ಕೆ ಏರಲು ಸುಮಾರು 30 ಮಿಲಿಲೀಟರ್ ಪೆಟ್ರೋಲ್ ಬೇಕು. ಲೀಟರ್ ಬೆಲೆ ನೂರು ರೂಪಾಯಿ ದಾಟಿರುವಾಗ ಒಂದು ಹಂಪ್‌ಗೆ ಮೂರು ರೂಪಾಯಿ. ಹತ್ತು ಹಂಪ್ ದಾಟುವಷ್ಟರಲ್ಲಿ ಕಾಲು ಲೀಟರಿಗೂ ಹೆಚ್ಚು ಖರ್ಚಾಗಿರುತ್ತದೆ. ಟೋಲ್‌ಗೇಟಿನಲ್ಲಿ ಜಗಳಕ್ಕೆ ನಿಲ್ಲುವ ಜನ ಈ ಟೋಲನ್ನು ಮಾತಿಲ್ಲದೆ ಕಟ್ಟುತ್ತಿದ್ದಾರೆ. ಹಂಪ್‌ಗಳು ಬೇಡವೆಂದು ಇದರ ಅರ್ಥವಲ್ಲ. ಶಾಲೆಯ ಮುಂದೆ ಅವು ಬೇಕೇ ಬೇಕು. ದೂರದಿಂದಲೇ ಹಂಪ್ ಕಂಡಾಗ ಆಕ್ಸಿಲರೇಟರಿನಿಂದ ಕಾಲೆತ್ತಿ, ಗೇರಿನಲ್ಲಿಯೇ ಕಾರನ್ನು ಉರುಳಲು ಬಿಟ್ಟರೆ ಇಂದಿನ ಎಂಜಿನ್‌ಗಳು ಆ ಹೊತ್ತು ಇಂಧನದ ಸರಬರಾಜನ್ನೇ ನಿಲ್ಲಿಸುತ್ತವೆ. ಗಳಿಸಿದ ವೇಗ ಬ್ರೇಕಿಗೆ ಹೋಗುವ ಬದಲು ದಾರಿ ಸವೆಸಲು ಬಳಕೆಯಾಗುತ್ತದೆ. ಕೊನೆಯ ಗಳಿಗೆಯಲ್ಲಿ ಬ್ರೇಕ್ ತುಳಿಯುವವರಿಗೂ ದೂರದಿಂದ ಕಾಲೆತ್ತುವವರಿಗೂ ಒಂದೇ ಕಾರಿನಲ್ಲಿ ಬೇರೆ ಬೇರೆ ಮೈಲೇಜ್ ಬರಲು ಮುಖ್ಯ ಕಾರಣ ಇದೇ.

ಏಸಿಯ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಕಿಲೋಮೀಟರಿಗೆ ಇಷ್ಟು ಎಂದು ಇಂಧನ ಬಳಸುವುದಿಲ್ಲ, ಗಂಟೆಗೆ ಇಷ್ಟು ಎಂದು ಬಳಸುತ್ತದೆ. ಎಂಜಿನ್ನಿನಿಂದ ಸುಮಾರು ಒಂದು ಕಿಲೋವಾಟ್ ಎಳೆದುಕೊಳ್ಳುವ ಏಸಿಗೆ ಗಂಟೆಗೆ ಮುನ್ನೂರರಿಂದ ನಾನೂರು ಮಿಲಿಲೀಟರ್ ಹೋಗುತ್ತದೆ ಎಂದುಕೊಂಡರೆ, ಆ ಗಂಟೆಯಲ್ಲಿ 80 ಕಿಲೋಮೀಟರ್ ಕ್ರಮಿಸಿದವರಿಗೆ ಅದು ಸಣ್ಣ ಹೊರೆ, 25 ಕಿಲೋಮೀಟರ್ ಮಾತ್ರ ಕ್ರಮಿಸಿದವರಿಗೆ ದೊಡ್ಡದು. ಬೇಸಿಗೆಯಲ್ಲಿ ತಿಪಟೂರಿನ ಪೇಟೆಯೊಳಗೆ ಗಾಜು ಏರಿಸಿಕೊಂಡು ಕಾಯುತ್ತ ನಿಂತ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಹಾಗೆಂದು ಹೆದ್ದಾರಿಯಲ್ಲಿ ಉಳಿತಾಯಕ್ಕಾಗಿ ಏಸಿ ನಿಲ್ಲಿಸಿ ನಾಲ್ಕೂ ಕಿಟಕಿ ತೆರೆದರೆ, ಒಳನುಗ್ಗುವ ಗಾಳಿ ತಡೆಯನ್ನು ಹೆಚ್ಚಿಸಿ ಉಳಿಸಿದ್ದರಲ್ಲಿ ಒಂದು ಪಾಲನ್ನು ಕಳೆಯುತ್ತದೆ.

ಮನೆಯಿಂದ ತೋಟಕ್ಕೆ ಎರಡು ಮೂರು ಕಿಲೋಮೀಟರಿನ ಓಡಾಟ ಇನ್ನೊಂದು ಸೋರಿಕೆ. ತಣ್ಣಗಿರುವ ಎಂಜಿನ್ ಬಿಸಿಯೇರುವವರೆಗೆ ಹೆಚ್ಚು ಇಂಧನ ಬೇಡುತ್ತದೆ, ಅದರ ಎಣ್ಣೆ ಮಂದವಾಗಿದ್ದು ಒಳಗಿನ ಉಜ್ಜಾಟ ಜಾಸ್ತಿಯಿರುತ್ತದೆ. ಹದಕ್ಕೆ ಬರುವಷ್ಟರಲ್ಲಿ ತೋಟದ ಗೇಟು ಬಂದಿರುತ್ತದೆ. ಡೀಸೆಲ್ ಕಾರಿಗೆ ಇದು ಇಂಧನದ ಪ್ರಶ್ನೆಯಷ್ಟೇ ಅಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದಿಂದಾಗಿ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಶೋಧಕ ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಖಾಲಿಮಾಡಿಕೊಳ್ಳಬೇಕು. ಅದಕ್ಕೆ ಹೆಚ್ಚಿನ ಉಷ್ಣತೆ ಬೇಕು, ಉಷ್ಣತೆಗೆ ಹೆಚ್ಚುವರಿ ಡೀಸೆಲ್ ಬೇಕು, ಜೊತೆಗೆ ನಿಲ್ಲದೆ ಸ್ವಲ್ಪ ದೂರ ಓಡುವ ಅವಕಾಶವೂ ಬೇಕು. ಊರೊಳಗಿನ ತುಂಡು ಓಡಾಟ ಮಾತ್ರ ಇರುವ ಕಾರಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಮೊದಲಾಗುತ್ತದೆ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂದರೆ ಮೈಲೇಜ್ ಎಂಬ ಹಳೆಯ ನಂಬಿಕೆ ಜೀಪುಗಳ ಕಾಲದ್ದು. ವಾರಕ್ಕೆರಡು ಬಾರಿ ಬೆಂಗಳೂರಿಗೆ ಹೋಗಿಬರುವ ಮನೆಗೆ ಅದು ಇಂದಿಗೂ ನಿಜ, ತಿಪಟೂರಿನಾಚೆ ಅಪರೂಪಕ್ಕೆ ಹೋಗುವ ಮನೆಗೆ ನಿಜವಲ್ಲ.

ಈ ಹಿನ್ನೆಲೆಯಲ್ಲಿ ರಾಮನಗರ ಸೀಮೆಯ ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಕಾರುಗಳನ್ನು ತುಸು ವಿವರವಾಗಿ ನೋಡಬೇಕು. 2022ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ ಹೈರೈಡರ್ ಮತ್ತು ಅದರ ಜೋಡಿಯಾದ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರ ಎರಡೂ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ರೂಪುಗೊಂಡವು. ಅವುಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಸಿಕ್ಕ ಪ್ರಮಾಣಪತ್ರದ ಅಂಕಿ ಲೀಟರಿಗೆ 27.97 ಕಿಲೋಮೀಟರ್. ಸ್ಟ್ರಾಂಗ್ ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ, ಕಾರನ್ನು ತಾನೊಂದೇ ಸ್ವಲ್ಪ ದೂರ ಓಡಿಸಬಲ್ಲ ವಿದ್ಯುತ್ ಮೋಟಾರ್ ಇರುವ ವ್ಯವಸ್ಥೆ. ಬ್ರೇಕ್ ಒತ್ತಿದಾಗ ಆ ಮೋಟಾರೇ ಜನರೇಟರ್ ಆಗಿ ತಿರುಗಿ, ಬಿಸಿಯಾಗಿ ಹೋಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹಂಪ್‌ಗೆ ಮೂರು ರೂಪಾಯಿ ಎಂಬ ಲೆಕ್ಕ ಇಲ್ಲಿ ಕಡಿಮೆಯಾಗುತ್ತದೆ, ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಲ್ಲುತ್ತದೆ. ಸರಾಸರಿ 33 ಕಿಲೋಮೀಟರ್ ವೇಗದ, ನಿಂತು ಹೊರಡುವ ಪ್ರಯೋಗಾಲಯದ ಗೆರೆ ಇಂಥ ಕಾರಿಗೆ ಹೇಳಿ ಮಾಡಿಸಿದಂತಿರುವುದರಿಂದಲೇ ಅಷ್ಟು ದೊಡ್ಡ ಅಂಕಿ ಸಾಧ್ಯವಾಯಿತು. ಒಂದೇ ವೇಗದಲ್ಲಿ ಹೆದ್ದಾರಿ ಹಿಡಿದಾಗ ಬ್ರೇಕ್ ಬಳಕೆ ವಿರಳವಾಗುತ್ತದೆ, ಮರಳಿ ಪಡೆಯಲು ಏನೂ ಇರುವುದಿಲ್ಲ. ಆಗ ಗಾಳಿಯ ತಡೆಯ ನಿಯಮ ಹೈಬ್ರಿಡ್‌ಗೂ ಅಷ್ಟೇ ಕಟ್ಟುನಿಟ್ಟು.

ಘಾಟಿಯಲ್ಲಿ ಹೈಬ್ರಿಡ್‌ನ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ಧರ್ಮಸ್ಥಳದಿಂದ ಹಿಂದಿರುಗುವಾಗ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಏಳೆಂಟು ನೂರು ಮೀಟರ್ ಎತ್ತರಕ್ಕೆ ಏರುವ ಎರಡು ಟನ್ ಕಾರಿಗೆ ಸಮತಟ್ಟು ರಸ್ತೆಯ ಖರ್ಚಿನ ಮೇಲೆ ಒಂದೂವರೆ ಲೀಟರಿಗೂ ಹೆಚ್ಚು ಇಂಧನ ಬೇಕಾಗುತ್ತದೆ. ಇಳಿಯುವಾಗ ಅದೆಲ್ಲ ಹಿಂದಿರುಗಬೇಕಿತ್ತು, ಹಿಂದಿರುಗುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಬಹುಪಾಲು ಬ್ರೇಕಿಗೆ ಮತ್ತು ಎಂಜಿನ್ನಿನ ಹಿಡಿತಕ್ಕೆ ಹೋಗುತ್ತದೆ, ಈ ಹೈಬ್ರಿಡ್‌ಗಳ ಒಂದು ಯೂನಿಟ್‌ಗಿಂತ ಕಡಿಮೆ ಸಾಮರ್ಥ್ಯದ ಪುಟ್ಟ ಬ್ಯಾಟರಿಯಾದರೋ ಘಾಟಿ ಮುಗಿಯುವ ಮೊದಲೇ ತುಂಬಿಹೋಗುತ್ತದೆ. ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವ ಹಳೆಯ ಅಭ್ಯಾಸದಿಂದ ಇಂದಿನ ಕಾರುಗಳಲ್ಲಿ ಉಳಿತಾಯವೂ ಇಲ್ಲ, ಬ್ರೇಕ್ ಕಾಯ್ದು ಹಿಡಿತ ತಪ್ಪುವ ಅಪಾಯ ಮಾತ್ರ ಇದೆ.

ಇಂಧನವೂ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರ ವೇಳೆಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ಕಬ್ಬು, ಮೆಕ್ಕೆಜೋಳ ಮುಂತಾದವುಗಳಿಂದ ತೆಗೆಯುವ ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಶೇ 6ರಿಂದ 7ರಷ್ಟು, ಶೇ 10ರ ಮಿಶ್ರಣಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟು ಮೈಲೇಜ್ ಕುಸಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗನಕ್ಷೆಯೇ ಅಂದಾಜಿಸಿತ್ತು. ಆದ್ದರಿಂದ ಐದಾರು ವರ್ಷ ಹಳೆಯ ಕಾರು ‘ಮೊದಲಿನ ಹಾಗೆ ಕೊಡುತ್ತಿಲ್ಲ’ ಎಂದು ಮೆಕ್ಯಾನಿಕ್ಕನ್ನು ದೂರುವ ಮುನ್ನ ಟ್ಯಾಂಕಿಗೆ ಬೀಳುತ್ತಿರುವುದು ಏನೆಂಬುದನ್ನು ಯೋಚಿಸುವುದು ನ್ಯಾಯ.

ಹೊರೆಯ ಬಗ್ಗೆ ಇರುವ ಅಂಜಿಕೆ ಮಾತ್ರ ಅಗತ್ಯಕ್ಕಿಂತ ಹೆಚ್ಚಿನದು. ಸುಲಿದ ಕಾಯಿಗೆ ಅರ್ಧ ಕಿಲೋ ಎಂದು ಹಿಡಿದರೆ ಇನ್ನೂರು ಕಾಯಿ ನೂರು ಕಿಲೋ ಆಗುತ್ತದೆ. ಎರಡು ಟನ್ ಕಾರಿಗೆ ಅದು ಶೇ 5ರಷ್ಟು ಹೆಚ್ಚುವರಿ ತೂಕ, ಸಮ ವೇಗದ ಹೆದ್ದಾರಿಯಲ್ಲಿ ಅದರ ಪರಿಣಾಮ ಇನ್ನೂ ಕಡಿಮೆ. ಅದೇ ಹೊರೆಯನ್ನು ಡಿಕ್ಕಿಯ ಬದಲು ನೆತ್ತಿಯ ಮೇಲಿನ ಕ್ಯಾರಿಯರಿಗೆ ಏರಿಸಿದರೆ, ಅಥವಾ ಡ್ರಿಪ್ ಪೈಪಿನ ಸುರುಳಿಗಳನ್ನು ಅಲ್ಲಿ ಕಟ್ಟಿಕೊಂಡು ತುಮಕೂರಿನಿಂದ ಬಂದರೆ, ತೂಕಕ್ಕಿಂತ ಗಾಳಿಯ ತಡೆ ಹೆಚ್ಚು ದಂಡ ವಿಧಿಸುತ್ತದೆ. ನೆತ್ತಿಯ ಮೇಲಿನ ದೊಡ್ಡ ಪೆಟ್ಟಿಗೆಯೊಂದು ಹೆದ್ದಾರಿಯಲ್ಲಿ ಶೇ 6ರಿಂದ 17ರವರೆಗೆ ಮೈಲೇಜ್ ತಗ್ಗಿಸುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಟೈರಿನ ಗಾಳಿಯೂ ಲೆಕ್ಕಕ್ಕೆ ಸೇರಬೇಕು, ಆದರೆ ಅದು ಸಣ್ಣ ಬಾಬತ್ತು. ಇನ್ನು ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವ ಫೋರ್ ವೀಲ್ ಡ್ರೈವ್‌ಗಾಗಿ ಹೆಚ್ಚು ಹಣ ಕೊಟ್ಟು, ಆ ಕಬ್ಬಿಣದ ತೂಕವನ್ನು ವರ್ಷವಿಡೀ ಹೊತ್ತು ತಿರುಗುವುದಕ್ಕೆ ಈ ಬಯಲುಸೀಮೆಯಲ್ಲಿ ಕಾರಣ ಕಾಣುವುದಿಲ್ಲ. ಇಲ್ಲಿನ ತೋಟದ ದಾರಿಗೆ ಬೇಕಿರುವುದು ತಳದ ಎತ್ತರ, ಅದು ಹಗುರವಾದ ಸಣ್ಣ ಎಸ್‌ಯುವಿಗಳಲ್ಲೂ ಸಿಗುತ್ತದೆ.

ಮನೆಯ ಕಾರಿನ ನಿಜವಾದ ಮೈಲೇಜ್ ತಿಳಿಯಲು ಡ್ಯಾಶ್‌ಬೋರ್ಡಿನ ಪರದೆಗಿಂತ ಹಳೆಯ ಟ್ಯಾಂಕ್ ಫುಲ್ ಪದ್ಧತಿಯೇ ಭದ್ರ. ಬಂಕಿನ ಪೈಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲ ಸಾಧ್ಯವಾದರೆ ಅದೇ ಬಂಕಿನಲ್ಲಿ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಬೇಕು. ಒಂದು ಟ್ಯಾಂಕಿನ ಅಂಕಿಯನ್ನು ನೆಚ್ಚಬಾರದು. ನಾಲ್ಕೈದು ಟ್ಯಾಂಕುಗಳ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿದಾಗ ಸಿಗುವುದು ನಂಬಲರ್ಹ. ಇಲ್ಲಿ ಅನೇಕರು ಎಡವುವುದು ಸರಾಸರಿ ತೆಗೆಯುವಾಗ. 140 ಕಿಲೋಮೀಟರ್ ಹೋಗುವಾಗ ಲೀಟರಿಗೆ 20, ಅಷ್ಟೇ ದೂರ ಬರುವಾಗ 10 ಸಿಕ್ಕಿದರೆ ಸರಾಸರಿ 15 ಅಲ್ಲ. ಹೋಗಲು 7 ಲೀಟರ್, ಬರಲು 14, ಒಟ್ಟು 21 ಲೀಟರಿಗೆ 280 ಕಿಲೋಮೀಟರ್, ಅಂದರೆ 13.3. ಇದೇ ಕಾರಣಕ್ಕೆ ವರ್ಷಕ್ಕೆ 15,000 ಕಿಲೋಮೀಟರ್ ಓಡುವ ಮನೆಯಲ್ಲಿ ಮೈಲೇಜ್ 10ರಿಂದ 12ಕ್ಕೆ ಏರಿದರೆ 250 ಲೀಟರ್ ಉಳಿಯುತ್ತದೆ, 20ರಿಂದ 24ಕ್ಕೆ ಏರಿದರೆ ಉಳಿಯುವುದು 125 ಮಾತ್ರ. ಈಗಾಗಲೇ ಚೆನ್ನಾಗಿ ಕೊಡುವ ಕಾರನ್ನು ಮಾರಿ ಇನ್ನೂ ಚೆನ್ನಾಗಿ ಕೊಡುವುದನ್ನು ತರುವವರಿಗೆ ಈ ಲೆಕ್ಕ ರುಚಿಸದಿರಬಹುದು.

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಊರೊಳಗಿನ ಮೈಲೇಜ್ ಮತ್ತು ಹೆದ್ದಾರಿಯ ಮೈಲೇಜ್ ಬೇರೆ ಬೇರೆಯಾಗಿ ಅಚ್ಚಾಗಿರುತ್ತವೆ. 2008ರ ಮಾದರಿಗಳಿಂದ ಏಸಿ, ಚಳಿ, ಹೆಚ್ಚಿನ ವೇಗಗಳ ಪರಿಣಾಮವನ್ನೂ ಆ ಅಂಕಿಗಳೊಳಗೆ ಸೇರಿಸಲಾಗಿದೆ. ಭಾರತದ ಗ್ರಾಹಕನಿಗೆ ಸಿಗುವುದು ಒಂದೇ ಅಂಕಿ. ಅದನ್ನು ಬದಲಿಸಲು ಹೊಸ ಪ್ರಯೋಗಾಲಯ ಕಟ್ಟಬೇಕಾಗಿಯೂ ಇಲ್ಲ. 2023ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರ ಎರಡನೇ ಹಂತದಲ್ಲಿ, ಕಾರಿನ ಹಿಂಬದಿಗೆ ಮಾಪಕ ಯಂತ್ರ ಕಟ್ಟಿ, ನಿಜವಾದ ರಸ್ತೆಯ ಮೇಲೆ ಓಡಿಸಿ, ಹೊಗೆಯನ್ನು ಅಳೆಯುವ ಆರ್.ಡಿ.ಇ. ಪರೀಕ್ಷೆ ಕಡ್ಡಾಯವಾಗಿದೆ. ಆ ಯಂತ್ರ ಇಂಗಾಲದ ಡೈಆಕ್ಸೈಡನ್ನೂ ಅಳೆಯುವುದರಿಂದ, ಪೇಟೆ, ಊರಾಚೆಯ ರಸ್ತೆ, ಹೆದ್ದಾರಿ ಮೂರರಲ್ಲೂ ಕಾರು ಎಷ್ಟು ಇಂಧನ ಉರಿಸಿತೆಂಬುದನ್ನು ಅದೇ ದಾಖಲೆಯಿಂದ ಲೆಕ್ಕ ಹಾಕಬಹುದು. ಆ ಮೂರು ಅಂಕಿಗಳನ್ನು ಕರಪತ್ರದಲ್ಲಿ 27.97ರಂಥ ಸಂಖ್ಯೆಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಆದೇಶಿಸಬೇಕು. ಅಲ್ಲಿಯವರೆಗೆ ತೆಂಗಿನ ಸೀಮೆಯಲ್ಲಿ ಎಸ್‌ಯುವಿ ಕೊಳ್ಳುವವರು ತಮ್ಮ ಓಡಾಟದಲ್ಲಿ ಹಂಪ್‌ಗಳ ದಾರಿ ಎಷ್ಟು, ಹೆದ್ದಾರಿ ಎಷ್ಟು ಎಂದು ಮೊದಲು ಎಣಿಸಿಕೊಳ್ಳಲಿ: ಮೂರು ತಾಲ್ಲೂಕಿನೊಳಗಿನ ಓಡಾಟವೇ ಹೆಚ್ಚಾದರೆ ಹೈಬ್ರಿಡ್ ಇಲ್ಲವೇ ಹಗುರವಾದ ಪೆಟ್ರೋಲ್ ಕಾರು, ಬೆಂಗಳೂರಿನ ದಾರಿಯೇ ಹೆಚ್ಚಾದರೆ ಡೀಸೆಲ್.